ಲೆಕ್ಕ ಒಂದು ಪುಸ್ತಕದಲ್ಲಿ, ಕಂಪ್ಯೂಟರ್ ಇನ್ನೊಂದು ಕೋಣೆಯಲ್ಲಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಪ್ರೌಢಶಾಲೆಗಳಲ್ಲಿ ವ್ಯವಹಾರ ಮತ್ತು ಮಾಹಿತಿ ತಂತ್ರಜ್ಞಾನದ ಪಾಠ

2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಕಳುಹಿಸಿದ ನೋಟಿಸುಗಳನ್ನು ಓದುಗರು ಮರೆತಿರಲಾರರು. 2021-22ರಿಂದ 2024-25ರವರೆಗೆ ಯುಪಿಐ ಮೂಲಕ ಖಾತೆಗೆ ಬಂದ ಹಣವನ್ನು ಹಿಡಿದು, ನಿಮ್ಮ ವಹಿವಾಟು ಮಿತಿ ದಾಟಿದೆ, ತೆರಿಗೆ ಏಕೆ ಕಟ್ಟಿಲ್ಲ ಎಂದು ಕೇಳಿದ ನೋಟಿಸುಗಳವು. ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಅಂಗಡಿ, ತರಕಾರಿ ಮಾರುವವರು, ಎಲ್ಲರಿಗೂ ದಿಗಿಲಾಯಿತು. ಬೆಂಗಳೂರಿನ ಎಷ್ಟೋ ಅಂಗಡಿಗಳ ಮುಂದಿದ್ದ ಕ್ಯೂಆರ್ ಕೋಡ್ ಕಾಣೆಯಾಗಿ 'ನಗದು ಮಾತ್ರ' ಎಂಬ ಚೀಟಿ ಬಂತು. ಜುಲೈ 25ಕ್ಕೆ ಬಂದ್ ಎಂಬ ಕರೆಯೂ ಇತ್ತು. 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದ ಮೇಲೆ ಗದ್ದಲ ತಣ್ಣಗಾಯಿತು.

ಇದು ಬೆಂಗಳೂರಿನ ಸುದ್ದಿ ಎಂದು ಹಾಸನದವರು ಪಕ್ಕಕ್ಕೆ ಇಡುವಂತಿಲ್ಲ. ಅಯ್ಯಂಗಾರ್ ಬೇಕರಿಗಳ ಮೂಲವೇ ಹಾಸನ ಜಿಲ್ಲೆಯ ಹಳ್ಳಿಗಳು. ಇಂದು ಬೆಂಗಳೂರಿನ ಬೇಕರಿಗಳಲ್ಲಿ ಒಡೆಯರಾಗಿ, ಕೆಲಸಗಾರರಾಗಿ ಇರುವವರಲ್ಲಿ ನಮ್ಮ ಜಿಲ್ಲೆಯವರು ಬಹಳ ಮಂದಿ. ಊರಿನಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ, ಚಿಕ್ಕಪ್ಪನದೋ ಮಾವನದೋ ಬೇಕರಿಯಲ್ಲಿ ಎರಡು ವರ್ಷ ನಿಂತು ಕೆಲಸ ಕಲಿತು, ಆಮೇಲೆ ಸ್ವಂತ ಅಂಗಡಿ ಹಾಕುವುದು ಇಲ್ಲಿ ಹಳೆಯ ದಾರಿ. ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಕಿರಾಣಿ, ಮಂಡಿ ನಡೆಸುವ ನಮ್ಮ ಸಮಾಜದ ಮನೆಗಳಲ್ಲೂ ಮಕ್ಕಳು ಸಂಜೆ ಗಲ್ಲಾದ ಮುಂದೆ ಕೂರುವುದು ಹೊಸದಲ್ಲ. ಆ ಮಕ್ಕಳಿಗೆ ಶಾಲೆ ಏನು ಹೇಳಿಕೊಟ್ಟು ಕಳುಹಿಸುತ್ತಿದೆ ಎಂಬುದೇ ಇಲ್ಲಿನ ಪ್ರಶ್ನೆ.

ನೋಟಿಸಿನ ಲೆಕ್ಕವನ್ನೇ ಒಮ್ಮೆ ನೋಡೋಣ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು, ಸೇವೆ ಕೊಡುವವರಿಗೆ 20 ಲಕ್ಷ. 40 ಲಕ್ಷ ಎಂದರೆ ದೊಡ್ಡ ಮೊತ್ತದಂತೆ ಕೇಳಿಸುತ್ತದೆ. ದಿನಕ್ಕೆ 11,000 ರೂಪಾಯಿ ವ್ಯಾಪಾರವಾದರೆ 365 ದಿನಕ್ಕೆ 40,15,000 ಆಯಿತು, ಮಿತಿ ದಾಟಿತು. ಬಸ್ ನಿಲ್ದಾಣದ ಪಕ್ಕದ ಬೇಕರಿಗೆ ದಿನಕ್ಕೆ 11,000 ದೊಡ್ಡ ವ್ಯಾಪಾರವೇನಲ್ಲ. ಅದರಲ್ಲಿ ಲಾಭ ಎಷ್ಟು ಎಂಬುದು ಬೇರೆ ಮಾತು, ಕಾನೂನು ನೋಡುವುದು ವಹಿವಾಟನ್ನು. ಇನ್ನೂ ಒಂದು ತೊಡಕಿದೆ. ಬ್ರೆಡ್ಡಿಗೆ ತೆರಿಗೆ ಇಲ್ಲ, ರಸ್ಕಿಗೆ ಶೇ. 5, ಕೇಕಿಗೆ ಆಗ ಶೇ. 18 ಇತ್ತು (2025ರ ಸೆಪ್ಟೆಂಬರ್ 22ರಿಂದ ಶೇ. 5 ಆಗಿದೆ). ಹಾಲು, ತಾಜಾ ತರಕಾರಿಗೆ ತೆರಿಗೆ ಇಲ್ಲ. ಬರೀ ತೆರಿಗೆ ಇಲ್ಲದ ಪದಾರ್ಥ ಮಾರುವವನಿಗೆ ನೋಂದಣಿಯೂ ಬೇಕಿಲ್ಲ. ಆದರೆ ಹಾಲಿನ ಜೊತೆ ಬಿಸ್ಕತ್ತು, ತಂಪುಪಾನೀಯ ಮಾರಿದರೆ, ಮಿತಿಯನ್ನು ಲೆಕ್ಕ ಹಾಕುವಾಗ ಹಾಲಿನ ದುಡ್ಡೂ ಸೇರುತ್ತದೆ. ತಮ್ಮನಿಗೆ ಕೊಟ್ಟ ಕೈಸಾಲ ವಾಪಸು ಬಂದದ್ದು, ಚೀಟಿ ಎತ್ತಿದ ಹಣ, ಮನೆ ಬಾಡಿಗೆ, ಎಲ್ಲವೂ ಅದೇ ಫೋನ್ ನಂಬರಿಗೆ ಬಂದಿದ್ದರೆ ಯಾವುದು ವ್ಯಾಪಾರದ್ದು, ಯಾವುದು ಮನೆಯದು ಎಂದು ತೋರಿಸಲು ಬರಹ ಬೇಕು. ಬಹಳ ಜನರ ಬಳಿ ಇಲ್ಲದೆ ಹೋದದ್ದು ಆ ಬರಹ. ತೆರಿಗೆ ತಪ್ಪಿಸಿದವರು ಕೆಲವರಿರಬಹುದು. ಲೆಕ್ಕವೇ ಇಡದವರು ಅದಕ್ಕಿಂತ ಹೆಚ್ಚು ಎಂದು ನನ್ನ ಅಂದಾಜು.

ಈ ಲೆಕ್ಕವನ್ನು ಪ್ರೌಢಶಾಲೆಯಲ್ಲಿ ಕಲಿಸುವುದಿಲ್ಲವೇ? ಕಲಿಸುತ್ತಾರೆ. ಇದು ಹಲವು ಪೋಷಕರಿಗೆ ತಿಳಿಯದ ಸಂಗತಿ. ರಾಜ್ಯ ಪಠ್ಯಕ್ರಮದ 8, 9 ಮತ್ತು 10ನೆಯ ತರಗತಿಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ ಆದ ಮೇಲೆ ಕೊನೆಯಲ್ಲಿ 'ವ್ಯವಹಾರ ಅಧ್ಯಯನ' ಎಂಬ ಭಾಗವಿದೆ. ವ್ಯಾಪಾರದ ಬಗೆಗಳು, ಪಾಲುದಾರಿಕೆ, ಹಣಕಾಸು, ಲೆಕ್ಕಶಾಸ್ತ್ರ, ಬ್ಯಾಂಕ್ ವ್ಯವಹಾರ, ಉದ್ಯಮಗಾರಿಕೆ, ಗ್ರಾಹಕರ ರಕ್ಷಣೆ, ಇವೆಲ್ಲ ಅಲ್ಲಿವೆ. ಅಂದರೆ ಹೊಳೆನರಸೀಪುರದ ಸರ್ಕಾರಿ ಶಾಲೆಯ ಹುಡುಗಿಯೂ ಹಾಸನದ ಅನುದಾನಿತ ಶಾಲೆಯ ಹುಡುಗನೂ ಜಮಾ-ಖರ್ಚಿನ ಪಾಠವನ್ನು ಓದಿಯೇ ಮುಂದೆ ಹೋಗುತ್ತಾರೆ. ತೊಂದರೆ ಇರುವುದು ಜಾಗದಲ್ಲಿ. ಪುಸ್ತಕದ ತುದಿಯಲ್ಲಿರುವ ಪಾಠ ವರ್ಷದ ತುದಿಗೆ ಬರುತ್ತದೆ, ಅಷ್ಟರಲ್ಲಿ ಪುನರಾವರ್ತನೆ, ಪೂರ್ವಸಿದ್ಧತಾ ಪರೀಕ್ಷೆ ಶುರುವಾಗಿರುತ್ತದೆ. ಸಿಗುವ ಅಂಕ ಕಡಿಮೆ, ಕಲಿಸುವ ಶಿಕ್ಷಕರು ಸಾಮಾನ್ಯವಾಗಿ ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಓದಿ ಬಂದವರು. ಖಾತೆ ಎಂದರೇನು ಎಂಬುದಕ್ಕೆ ಎರಡು ವಾಕ್ಯದ ಉತ್ತರವನ್ನು ಮಗು ಕಲಿಯುತ್ತದೆ, ಒಂದು ದಿನದ ಕಿರ್ದಿ ಬರೆದು ಶಿಲ್ಕು ತೆಗೆಯುವುದನ್ನು ಕಲಿಯುವುದಿಲ್ಲ.

ಇನ್ನು ಮಾಹಿತಿ ತಂತ್ರಜ್ಞಾನ. ಅದು ಬೇರೆ ದಾರಿಯಲ್ಲಿ ಶಾಲೆಗೆ ಬಂತು. 2001-02ರ ಸುಮಾರಿಗೆ ರಾಜ್ಯ ಸರ್ಕಾರದ 'ಮಾಹಿತಿ ಸಿಂಧು' ಯೋಜನೆಯಲ್ಲಿ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದವು. ಆಮೇಲೆ 2004ರ ಡಿಸೆಂಬರಿನಲ್ಲಿ ಆರಂಭವಾದ ಕೇಂದ್ರದ ಐಸಿಟಿ ಯೋಜನೆ ಹಂತಹಂತವಾಗಿ ಇನ್ನಷ್ಟು ಶಾಲೆಗಳನ್ನು ಮುಟ್ಟಿತು. ಖಾಸಗಿ ಸಂಸ್ಥೆಯವರು ಯಂತ್ರ ತಂದಿಟ್ಟು, ಬೋಧಕರನ್ನು ನೇಮಿಸಿ, ಒಪ್ಪಂದದ ಅವಧಿ ಮುಗಿದ ಮೇಲೆ ಶಾಲೆಗೆ ಬಿಟ್ಟು ಹೋಗುವ ಪದ್ಧತಿ ಅದು. ಯಂತ್ರ ಉಳಿದವು, ಬೋಧಕರು ಹೋದರು. ಕಂಪ್ಯೂಟರ್ ಕೋಣೆಯ ಬೀಗದ ಕೈ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಉಳಿದ ಶಾಲೆಗಳನ್ನು ಓದುಗರೇ ಕಂಡಿರಬಹುದು. 2016-17ರಿಂದ ಬಂದ 'ಟಾಲ್ಪ್' ಕಾರ್ಯಕ್ರಮ ಬೇರೆ ಹಾದಿ ಹಿಡಿದು, ಇದ್ದ ವಿಷಯ ಶಿಕ್ಷಕರಿಗೇ ತರಬೇತಿ ಕೊಟ್ಟಿತು. ಅಲ್ಲಿ ಕಂಪ್ಯೂಟರ್ ಗಣಿತ, ವಿಜ್ಞಾನ ಕಲಿಸುವ ಸಾಧನ; ತಾನೇ ಒಂದು ವಿಷಯವಲ್ಲ.

ತಾನೇ ಒಂದು ವಿಷಯವಾಗಿ ಅದು ನಿಂತಿರುವುದು ಎನ್‌ಎಸ್‌ಕ್ಯೂಎಫ್ ಎಂಬ ಉದ್ದ ಹೆಸರಿನ ಯೋಜನೆಯಲ್ಲಿ. ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟು ಎಂದು ಇದನ್ನು ಕನ್ನಡದಲ್ಲಿ ಹೇಳಬಹುದು. 2013ರ ಡಿಸೆಂಬರ್ 27ರಂದು ಕೇಂದ್ರ ಇದನ್ನು ಅಧಿಸೂಚಿಸಿತು. ರಾಜ್ಯದ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ 9ನೆಯ ತರಗತಿಯಿಂದ ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್ ಮೊದಲಾದ ವಿಷಯಗಳಲ್ಲಿ ಒಂದನ್ನು ತೆಗೆದುಕೊಳ್ಳಬಹುದು. ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿ ನೋಡಿದವರಿಗೆ ಗೊತ್ತಿರುತ್ತದೆ, ತೃತೀಯ ಭಾಷೆಯ ಪರೀಕ್ಷೆಯ ದಿನವೇ ಈ ವಿಷಯಗಳೂ ಇರುತ್ತವೆ. ಏಕೆಂದರೆ ಹಿಂದಿ ಮುಂತಾದ ತೃತೀಯ ಭಾಷೆಯ ಬದಲಿಗೆ ಇವನ್ನು ಓದುವ ವ್ಯವಸ್ಥೆ ನಮ್ಮ ರಾಜ್ಯದ್ದು.

ಪಠ್ಯ ತಯಾರಿಸುವುದು ಭೋಪಾಲದಲ್ಲಿರುವ ಕೇಂದ್ರೀಯ ವೃತ್ತಿ ಶಿಕ್ಷಣ ಸಂಸ್ಥೆ. ಪ್ರತಿ ವಿಷಯವೂ ಒಂದು ಹುದ್ದೆಯ ಹೆಸರಿನಲ್ಲಿದೆ. ಮಾಹಿತಿ ತಂತ್ರಜ್ಞಾನದ ಹುದ್ದೆ 'ಡೇಟಾ ಎಂಟ್ರಿ ಆಪರೇಟರ್', ರಿಟೇಲ್‌ನದು 'ಸ್ಟೋರ್ ಆಪರೇಷನ್ಸ್ ಅಸಿಸ್ಟೆಂಟ್'. ಮೊದಲನೆಯದರಲ್ಲಿ ಕೀಲಿಮಣೆ ನೋಡದೆ ಬೆರಳಚ್ಚು, ಪತ್ರ ಸಿದ್ಧಪಡಿಸುವುದು, ಸ್ಪ್ರೆಡ್‌ಶೀಟ್, ಪ್ರಸ್ತುತಿ ತಯಾರಿ ಇವೆ. ಎರಡನೆಯದರಲ್ಲಿ ಮಾಲು ಇಳಿಸಿಕೊಳ್ಳುವುದು, ಜೋಡಿಸುವುದು, ಗಿರಾಕಿಯ ಜೊತೆ ಮಾತು. ಎರಡಕ್ಕೂ ಸಾಮಾನ್ಯವಾಗಿ ಉದ್ಯೋಗ ಕೌಶಲ್ಯ ಎಂಬ ಭಾಗವಿದೆ, ಅದರೊಳಗೆ ಉದ್ಯಮಶೀಲತೆಯ ಒಂದು ಪಾಠ. ಕೆಲಸ ಕಲಿಸುವ ಪಾಠ ಎಂದು ಇವನ್ನು ನಾನು ಹಗುರಾಗಿ ಕಾಣುವುದಿಲ್ಲ. ಬೆರಳಚ್ಚು ಕಲಿತು ಬದುಕು ಕಟ್ಟಿಕೊಂಡವರ ಜಿಲ್ಲೆ ಇದು. ಪರೀಕ್ಷಾ ಮಂಡಳಿ ನಡೆಸುವ ಬೆರಳಚ್ಚು, ಶೀಘ್ರಲಿಪಿ ಪರೀಕ್ಷೆಗಳಿಗೆ ಓದಿಸುತ್ತಿದ್ದ ವಾಣಿಜ್ಯ ಶಾಲೆಗಳು ಪ್ರತಿ ತಾಲ್ಲೂಕು ಕೇಂದ್ರದ ಮಹಡಿ ಮೇಲೆ ಟಕಟಕ ಸದ್ದು ಮಾಡುತ್ತಿದ್ದವು. ಕಚೇರಿ ಸೇರಿದ ಒಂದು ತಲೆಮಾರೇ ಅಲ್ಲಿಂದ ಬಂತು. ಆದರೆ ಈ ಎರಡು ಹುದ್ದೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಮಗು ಬೇರೆಯವರ ಲೆಕ್ಕವನ್ನು ತುಂಬಲು ಕಲಿಯುತ್ತದೆ, ಇನ್ನೊಂದು ಬೇರೆಯವರ ಅಂಗಡಿಯಲ್ಲಿ ನಿಲ್ಲಲು. ತನ್ನ ಅಂಗಡಿಯ ಲೆಕ್ಕವನ್ನು ತಾನೇ ಕಂಪ್ಯೂಟರಿನಲ್ಲಿ ಇಡುವ ಮಗು ಎರಡು ತರಗತಿಯಲ್ಲೂ ಇಲ್ಲ. ಐಟಿ ತೆಗೆದುಕೊಂಡವರಿಗೆ ರಿಟೇಲ್ ಇಲ್ಲ, ರಿಟೇಲ್ ತೆಗೆದುಕೊಂಡವರಿಗೆ ಸ್ಪ್ರೆಡ್‌ಶೀಟ್ ಅಷ್ಟಕ್ಕಷ್ಟೆ, ಸಮಾಜ ವಿಜ್ಞಾನದ ಲೆಕ್ಕಶಾಸ್ತ್ರ ಎರಡಕ್ಕೂ ಸಂಬಂಧವಿಲ್ಲದಂತೆ ಪುಸ್ತಕದ ಕೊನೆಯಲ್ಲಿ ಕುಳಿತಿದೆ.

ಇವು ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಡ. ಇಂದು ಹಾಸನದ ಯಾವ ಲೆಕ್ಕಿಗರ ಕಚೇರಿಗೆ ಹೋದರೂ ಕಾಣುವ 'ಟ್ಯಾಲಿ' ಬೆಂಗಳೂರಿನ ಕಂಪನಿಯದು. 1986ರಲ್ಲಿ ಅದು ಶುರುವಾದದ್ದು ಹೀಗೆ: ಗಿರಣಿಗಳಿಗೆ ಸರಕು ಒದಗಿಸುತ್ತಿದ್ದ ಶ್ಯಾಮಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕ ನೋಡಿಕೊಳ್ಳಲು ಒಳ್ಳೆಯ ತಂತ್ರಾಂಶ ಸಿಗಲಿಲ್ಲ, ಗಣಿತ ಓದಿದ್ದ ಮಗ ಭರತ್‌ಗೆ ನೀನೇ ಒಂದು ಬರೆ ಎಂದರು. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಅಂಗಡಿಯ ತೊಂದರೆ ಗೊತ್ತಿದ್ದ ಮನೆಗೆ ಕಂಪ್ಯೂಟರೂ ಗೊತ್ತಿತ್ತು.

ಇನ್ನೂ ಹಿಂದೆ ಹೋದರೆ, ವ್ಯವಹಾರವನ್ನೂ ಗಣಿತವನ್ನೂ ಬೇರೆ ಮಾಡದಿದ್ದವರು ನಮ್ಮವರೇ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ದಲ್ಲಿ ಬಡ್ಡಿ, ಪಾಲುಗಾರಿಕೆಯ ಹಂಚಿಕೆ, ಚಿನ್ನದ ಬೆರಕೆಯ ಲೆಕ್ಕಗಳಿವೆ. ಕನ್ನಡದಲ್ಲಿ ಮೊದಲ ಗಣಿತಗ್ರಂಥ ಎಂದು ಹೇಳುವ 12ನೆಯ ಶತಮಾನದ ಜೈನ ಕವಿ ರಾಜಾದಿತ್ಯನ ಕೃತಿಯ ಹೆಸರೇ 'ವ್ಯವಹಾರಗಣಿತ'. ಕನ್ನಡದ ಹುಡುಗರಿಗೆ ಪೇಟೆಯ ಲೆಕ್ಕವನ್ನು ಕನ್ನಡದಲ್ಲೇ ಹೇಳಬೇಕು ಎಂದು ಆತನಿಗೆ ಅಂದೇ ಅನ್ನಿಸಿತ್ತು.

ಸ್ವತಂತ್ರ ಭಾರತದಲ್ಲೂ ಈ ಯೋಚನೆ ಇರಲಿಲ್ಲವೆಂದಲ್ಲ. 1952-53ರ ಮುದಲಿಯಾರ್ ಆಯೋಗ ಬಹೂದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿದಾಗ ಅದರ ಏಳು ವಿಭಾಗಗಳಲ್ಲಿ ವಾಣಿಜ್ಯವೂ ಒಂದಾಗಿತ್ತು. ಮುಂದೆ 10+2 ಪದ್ಧತಿ ಬಂದು ವಾಣಿಜ್ಯ ಪಿಯುಸಿಗೆ ಜಾರಿತು. ಪಿಯು ಹಂತದ ಜೆಒಸಿ ಕೋರ್ಸುಗಳು ಬಂದವು, ಮುಚ್ಚಿಯೂ ಹೋದವು. ಬೇರೆ ಮಂಡಳಿಗಳು ಮಾತ್ರ 9-10ನೆಯ ತರಗತಿಯಲ್ಲಿ ವ್ಯವಹಾರವನ್ನು ಆಯ್ಕೆ ವಿಷಯವಾಗಿ ಉಳಿಸಿಕೊಂಡಿವೆ. ಸಿಬಿಎಸ್‌ಇಯಲ್ಲಿ ವ್ಯವಹಾರದ ಮೂಲಾಂಶಗಳು, ಬುಕ್ ಕೀಪಿಂಗ್ ಇವೆ, ಐಟಿ ಕೌಶಲ್ಯ ವಿಷಯವಾಗಿ ಇದೆ. ಐಸಿಎಸ್‌ಇಯಲ್ಲಿ ಕಮರ್ಷಿಯಲ್ ಸ್ಟಡೀಸ್ ಇದೆ, ಕಂಪ್ಯೂಟರ್ ಅಪ್ಲಿಕೇಷನ್ಸ್ ಇದೆ. ಹಾಸನ ನಗರದಲ್ಲಿ ಅಂಥ ಶಾಲೆಗೆ ಮಕ್ಕಳನ್ನು ಕಳುಹಿಸುವ ಪೋಷಕರು ಶಾಲೆಯವರು ಈ ವಿಷಯಗಳನ್ನು ನಿಜಕ್ಕೂ ಕೊಡುತ್ತಾರೆಯೇ ಎಂದು ಕೇಳಬಹುದು. ಮಂಡಳಿಯ ಪಟ್ಟಿಯಲ್ಲಿ ಇರುವುದೆಲ್ಲ ಶಾಲೆಯಲ್ಲಿ ಇರುವುದಿಲ್ಲ.

ಈಗ ಇದು ಚರ್ಚೆಗೆ ಬರಬೇಕಾದ ಕಾರಣ ಬೇರೆ ಇದೆ. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ಸರ್ಕಾರಕ್ಕೆ ವರದಿ ಕೊಟ್ಟಿತು. ಅದರ ಶಿಫಾರಸುಗಳಲ್ಲಿ ದ್ವಿಭಾಷಾ ಸೂತ್ರವೂ ಒಂದು. ಭಾಷೆಯ ವಾದದಲ್ಲಿ ಯಾರು ಸರಿ ಎಂಬುದಕ್ಕೆ ಈ ಲೇಖನ ಹೋಗುವುದಿಲ್ಲ. ಆದರೆ ವಾದ ಮಾಡುವವರು ಹಿಂದಿ ಬೇಕೇ ಬೇಡವೇ ಎಂದಷ್ಟೇ ಕೇಳುತ್ತಿದ್ದಾರೆ. ಎನ್‌ಎಸ್‌ಕ್ಯೂಎಫ್ ವಿಷಯಗಳು ನೇತುಹಾಕಿಕೊಂಡಿರುವ ಮೊಳೆ ಆ ತೃತೀಯ ಭಾಷೆಯ ಸ್ಥಾನವೇ ಎಂಬುದನ್ನು ಎತ್ತುವವರು ಕಡಿಮೆ. ಮೊಳೆ ಕಿತ್ತರೆ ಮೇಲಿದ್ದದ್ದೂ ಬೀಳುತ್ತದೆ. ತೃತೀಯ ಭಾಷೆಯ 100 ಅಂಕದ ಸ್ಥಾನ ಹೋಗುವುದಾದರೆ ಐಟಿ, ರಿಟೇಲ್ ಓದುವ ಮಕ್ಕಳ ವಿಷಯ ಎಲ್ಲಿ ಕೂರುತ್ತದೆ? ಅಂಕವಿಲ್ಲದ ಹೆಚ್ಚುವರಿ ವಿಷಯವಾದರೆ ಅದಕ್ಕೆ ಯಾರೂ ಹೊತ್ತು ಕೊಡುವುದಿಲ್ಲ. ದೈಹಿಕ ಶಿಕ್ಷಣ, ಚಿತ್ರಕಲೆಯ ಗತಿಯನ್ನು ನೋಡಿದ್ದೇವೆ. ಅದೇ ಸ್ಥಾನವನ್ನು ಎಲ್ಲ ಮಕ್ಕಳಿಗೂ ಒಂದು ಕೆಲಸದ ವಿಷಯಕ್ಕೆ ಕೊಟ್ಟರೆ, ಆಯ್ದ ಶಾಲೆಗಳ ಯೋಜನೆ ಇಡೀ ರಾಜ್ಯದ ಪಾಠವಾಗುತ್ತದೆ. 2020ರ ರಾಷ್ಟ್ರೀಯ ನೀತಿಯೂ 2025ರೊಳಗೆ ಕನಿಷ್ಠ ಅರ್ಧದಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕು ಎಂದಿತ್ತು. ರಾಜ್ಯದ ನೀತಿ ಬೇರೆ, ಕೇಂದ್ರದ ನೀತಿ ಬೇರೆ ಎಂಬ ಜಗಳದ ನಡುವೆಯೂ ಈ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಕಾರಣ ಕಾಣುವುದಿಲ್ಲ.

ಹಾಗೆ ಕೊಟ್ಟರೆ ಏನನ್ನು ಕಲಿಸಬೇಕು? ನಾಲ್ಕು ತಾಲ್ಲೂಕುಗಳ ಪೇಟೆಯೇ ಪಾಠಪುಸ್ತಕ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಬೇಲಿನ ತೂಕ, ದರ್ಜೆ, ದರ, ಕಡಿತ, ಬ್ಯಾಂಕಿಗೆ ಬಂದ ಹಣ, ಅದರಲ್ಲಿ ಸೌದೆ, ಗೊಬ್ಬರ, ಕೂಲಿ ಕಳೆದು ಉಳಿದದ್ದು, ಇದಕ್ಕಿಂತ ಒಳ್ಳೆಯ ಸ್ಪ್ರೆಡ್‌ಶೀಟ್ ಅಭ್ಯಾಸ ಭೋಪಾಲದಿಂದ ಬರಲಾರದು. ಆ ಲೆಕ್ಕ ಮಾಡಿದ ಮಗು ತಂಬಾಕು ಬಿಟ್ಟು ಬೇರೆ ಬೆಳೆ ಹಾಕಿದರೆ ಹೇಗೆ ಎಂದು ಅಪ್ಪನನ್ನು ಕೇಳಿದರೂ ಆಶ್ಚರ್ಯವಿಲ್ಲ. ಚನ್ನರಾಯಪಟ್ಟಣದ ಕಡೆ ತೆಂಗು. ತೆಂಗಿನಕಾಯಿಗೆ ಜಿಎಸ್‌ಟಿ ಇಲ್ಲ, ಅದೇ ಒಣಗಿ ಕೊಬ್ಬರಿಯಾದರೆ ಶೇ. 5, ಸ್ವಂತ ತೋಟದ ಬೆಳೆ ಮಾರುವ ರೈತನಿಗೆ ನೋಂದಣಿ ಬೇಕಿಲ್ಲ, ಕೊಂಡು ಮಾರುವ ವ್ಯಾಪಾರಿಗೆ ಮಿತಿ ಅನ್ವಯಿಸುತ್ತದೆ. ಈ ಒಂದು ಉದಾಹರಣೆಯಲ್ಲಿ ತೆರಿಗೆಯ ಅರ್ಧ ಪಾಠ ಮುಗಿಯುತ್ತದೆ. ಅದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಯಾತ್ರಿಕರ ಮೇಲೆ ನಡೆಯುವ ಸಣ್ಣ ಅಂಗಡಿ, ಕ್ಯಾಂಟೀನು, ಜೀಪು-ಆಟೋಗಳಿಗೆ ಹಬ್ಬದ ದಿನಕ್ಕೂ ಮಳೆಗಾಲದ ದಿನಕ್ಕೂ ಆದಾಯ ಅಜಗಜಾಂತರ, ವರ್ಷದ ಲೆಕ್ಕ ಹಾಕದೆ ಅವರ ಸ್ಥಿತಿ ಅವರಿಗೇ ತಿಳಿಯುವುದಿಲ್ಲ. ಹಳ್ಳಿಗಳಲ್ಲಿ ಹಾಲಿನ ಡೇರಿ: ಫ್ಯಾಟ್, ಎಸ್‌ಎನ್‌ಎಫ್ ನೋಡಿ ದರ, ಯಂತ್ರದಿಂದ ಬರುವ ಚೀಟಿ, ಪ್ರತ್ಯೇಕವಾಗಿ ಖಾತೆಗೆ ಬರುವ ಸರ್ಕಾರದ ಪ್ರೋತ್ಸಾಹಧನ. ಆ ಚೀಟಿಯನ್ನು ಓದಿ, ಬ್ಯಾಂಕ್ ಪಾಸ್‌ಬುಕ್ಕಿನ ಜೊತೆ ತಾಳೆ ನೋಡುವುದನ್ನು ಕಲಿತ ಹುಡುಗಿ ಲೆಕ್ಕಶಾಸ್ತ್ರದ ಅತಿ ಮುಖ್ಯ ಅಭ್ಯಾಸವನ್ನೇ ಕಲಿತ ಹಾಗೆ. ಹಾಸನದ ಆಲೂಗಡ್ಡೆ, ಶುಂಠಿ ಮಾರುಕಟ್ಟೆಯ ಬಗ್ಗೆ ಹೇಳಲೇಬೇಕಿಲ್ಲ, ಬಿತ್ತನೆ ಬೀಜಕ್ಕೆ ಸಾಲ ಮಾಡಿ ಬೆಲೆ ಬಿದ್ದಾಗ ಏನಾಗುತ್ತದೆಂದು ಮಕ್ಕಳಿಗೂ ಗೊತ್ತು. ಲೆಕ್ಕದ ಕಾಗದದ ಮೇಲೆ ಅದನ್ನು ಮೊದಲೇ ಕಾಣುವುದು ಹೇಗೆ ಎಂಬುದು ಗೊತ್ತಿಲ್ಲ.

ಇದರ ಜೊತೆಗೇ ಎಚ್ಚರಿಕೆಯ ಪಾಠವೂ ಬೇಕು. ಕಿರ್ದಿ ಇಡಲು ಕಲಿತ ಮಗು ಒಟಿಪಿ ಯಾರಿಗೂ ಹೇಳಬಾರದು, ಹಣ ಪಡೆಯಲು ಪಿನ್ ಒತ್ತಬೇಕಿಲ್ಲ ಎಂಬುದನ್ನೂ ಕಲಿತಿರಬೇಕು. ಮನೆಯ ಹಿರಿಯರ ಫೋನನ್ನು ನಡೆಸುತ್ತಿರುವವರು ಈ ಮಕ್ಕಳೇ.

ಅಡ್ಡಿ ಎಂದರೆ ಕಲಿಸುವವರು. ವೃತ್ತಿ ವಿಷಯಗಳ ತರಬೇತುದಾರರು ಬಹುಪಾಲು ಹೊರಗುತ್ತಿಗೆಯವರು, ಅವರ ಹಣ ವರ್ಷವರ್ಷದ ಯೋಜನಾ ಮಂಜೂರಾತಿಗೆ ಕಟ್ಟುಬಿದ್ದದ್ದು. ಜೂನ್‌ನಲ್ಲಿ ಶಾಲೆ ಶುರುವಾದರೂ ತರಬೇತುದಾರರು ತಡವಾಗಿ ಬಂದರೆ ಎರಡು ವರ್ಷದ ಕೋರ್ಸಿನಲ್ಲಿ ಅಷ್ಟು ತಿಂಗಳು ಹೋದ ಹಾಗೆ. ಹೊಸ ಹುದ್ದೆ ಬರುವವರೆಗೆ ಕಾಯುವುದಕ್ಕಿಂತ, ಇರುವ ಐಟಿ ತರಬೇತುದಾರರೂ ಸಮಾಜ ವಿಜ್ಞಾನದ ಶಿಕ್ಷಕರೂ ವ್ಯವಹಾರ ಅಧ್ಯಯನದ ಪಾಠವನ್ನು ಕೂಡಿ ಕಂಪ್ಯೂಟರ್ ಕೋಣೆಯಲ್ಲಿ ಮಾಡುವುದು ನಾಳೆಯೇ ಸಾಧ್ಯ. ಅದಕ್ಕೆ ಸರ್ಕಾರಿ ಆದೇಶವೂ ಬೇಡ, ವೇಳಾಪಟ್ಟಿಯಲ್ಲಿ ವಾರಕ್ಕೆ ಒಂದು ಅವಧಿ ಹೊಂದಿಸಿದರೆ ಸಾಕು. 2019ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಶೇ. 89.33 ಪಡೆದು ರಾಜ್ಯಕ್ಕೇ ಮೊದಲ ಸ್ಥಾನಕ್ಕೆ ಬಂದ ಜಿಲ್ಲೆ ಇದು. ಮನಸ್ಸು ಮಾಡಿದರೆ ಇಲ್ಲಿನ ಶಿಕ್ಷಕರು ಏನು ಮಾಡಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ಸಮಾಜದವರು ಮಾಡಬಹುದಾದದ್ದೂ ಇದೆ. ಬೇಸಿಗೆಯಲ್ಲಿ ಮಕ್ಕಳನ್ನು ಹಾಸನಕ್ಕೆ ಕಳುಹಿಸಿ ಮೂರು ತಿಂಗಳ ಟ್ಯಾಲಿ ಕೋರ್ಸು ಮಾಡಿಸುವ ಮನೆಗಳಿವೆ. ಹೊಳೆನರಸೀಪುರದಿಂದ ರೈಲೂ ಇದೆ, ಬಸ್ಸೂ ಇದೆ. ಅರಕಲಗೂಡಿನ ಒಳಹಳ್ಳಿಯ ಮಗುವಿಗೆ ರೈಲಿಲ್ಲ, ಸಂಜೆಯ ಕೊನೆಯ ಬಸ್ಸನ್ನು ನೋಡಿಕೊಂಡೇ ಕ್ಲಾಸು. ಅಲ್ಲದೆ, ಜಮಾ ಎಂದರೇನು, ಖರ್ಚು ಎಂದರೇನು ಎಂದು ತಿಳಿಯದ ಮಗುವಿಗೆ ಟ್ಯಾಲಿ ಬರೀ ಗುಂಡಿ ಒತ್ತುವ ಆಟ. ಅದಕ್ಕಿಂತ, ವ್ಯಾಪಾರ ಮಾಡುವ ಹಿರಿಯರು ತಮ್ಮೂರಿನ ಪ್ರೌಢಶಾಲೆಗೆ ತಿಂಗಳಿಗೆ ಒಂದು ದಿನ ಹೋಗಿ, ತಮ್ಮ ತಂದೆಯ ಕಾಲದ ರೋಜು ಕಿರ್ದಿಯನ್ನೂ ಖತಾವಣಿಯನ್ನೂ ಮೇಜಿನ ಮೇಲೆ ಬಿಚ್ಚಿಟ್ಟು, ಉದ್ರಿ ಹೇಗೆ ಬರೆಯುತ್ತಿದ್ದರು, ಶಿಲ್ಕು ಹೇಗೆ ತೆಗೆಯುತ್ತಿದ್ದರು ಎಂದು ತೋರಿಸಲಿ. ಅದೇ ಪುಟವನ್ನು ಮಕ್ಕಳು ಸ್ಪ್ರೆಡ್‌ಶೀಟಿನಲ್ಲಿ ಕಟ್ಟಲಿ. ಊರಿನ ಲೆಕ್ಕಪರಿಶೋಧಕರೊಬ್ಬರು ಮಾದರಿ ನೋಟಿಸೊಂದನ್ನು ತಂದು ಓದಿಸಲಿ, ಉತ್ತರ ಬರೆಸಲಿ.

9ನೆಯ ತರಗತಿಗೆ ಮಕ್ಕಳನ್ನು ಸೇರಿಸುವ ಪೋಷಕರು ಶಾಲೆಯಲ್ಲಿ ಕೇಳಬೇಕಾದದ್ದು ಇಷ್ಟು: ಎನ್‌ಎಸ್‌ಕ್ಯೂಎಫ್ ಇದೆಯೇ, ಇದ್ದರೆ ಯಾವ ಎರಡು ವಿಷಯ, ತರಬೇತುದಾರರು ಬಂದಿದ್ದಾರೆಯೇ, ಕಂಪ್ಯೂಟರ್ ಎಷ್ಟು ನಡೆಯುತ್ತಿವೆ, ಪಿಯುಸಿಯಲ್ಲಿ ಅದೇ ವಿಷಯ ಮುಂದುವರಿಸುವ ಕಾಲೇಜು ತಾಲ್ಲೂಕಿನಲ್ಲಿ ಇದೆಯೇ. ಕೊನೆಯದನ್ನು ಮೊದಲೇ ಕೇಳುವುದು ಒಳ್ಳೆಯದು. ಪಿಯು ಹಂತದಲ್ಲಿ ಈ ವಿಷಯಗಳಿರುವುದು ಕೆಲವೇ ಕಾಲೇಜುಗಳಲ್ಲಿ. ಮುಂದೆ ವಾಣಿಜ್ಯ ವಿಭಾಗ ಸೇರಬೇಕೆಂದಿರುವ ಮಗುವಿಗೆ ಐಟಿ ಹೇಗೂ ಉಪಯೋಗಕ್ಕೆ ಬರುತ್ತದೆ, ವಿಜ್ಞಾನಕ್ಕೆ ಹೋಗುವವರಿಗೂ ನಷ್ಟವಿಲ್ಲ. ಆದರೆ ತೃತೀಯ ಭಾಷೆಯನ್ನು ಬಿಟ್ಟು ಇದನ್ನು ತೆಗೆದುಕೊಳ್ಳುತ್ತಿದ್ದೇವೆ ಎಂಬುದು ತಿಳಿದಿರಲಿ, ಹೊರರಾಜ್ಯದಲ್ಲಿ ವ್ಯಾಪಾರ ಇರುವ ಮನೆಯವರು ಹಿಂದಿಯನ್ನು ಬೇರೆ ದಾರಿಯಲ್ಲಿ ಕಲಿಸಬೇಕಾಗುತ್ತದೆ.